ಪ್ರಯೋಗಶಾಲೆಯ ಇಲಿಗೂ ಒಂದು ಬಾಲ್ಯವಿದೆ

ಕತ್ರಿಗುಪ್ಪೆಯ ವರ್ತುಲ ರಸ್ತೆಯ ಆಸುಪಾಸಿನಲ್ಲಿ ಔಷಧಿ ಅಂಗಡಿಗಳಿಗೆ ಬರವಿಲ್ಲ. ತಿಂಗಳ ಮೊದಲ ವಾರ ಅಲ್ಲಿಗೆ ಬರುವ ಹಿರಿಯರ ಚೀಟಿಗಳಲ್ಲಿ ಎದ್ದು ಕಾಣುವುದು ಎರಡು ಬಗೆಯ ಮಾತ್ರೆ. ಒಂದು ಸಕ್ಕರೆ ಕಾಯಿಲೆಗೆ, ಇನ್ನೊಂದು ರಕ್ತದೊತ್ತಡಕ್ಕೆ. ಇಂತಹ ಮಾತ್ರೆಗಳು ಮನುಷ್ಯರ ಕೈಸೇರುವ ಮೊದಲು ಇಲಿಗಳ ದೇಹವನ್ನು ಹಾದು ಬಂದಿರುತ್ತವೆ ಎಂಬುದು ಓದುಗರಿಗೆ ಹೊಸ ಸಂಗತಿಯೇನಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಇಲಿಗಳು ಎಲ್ಲಿ ಹುಟ್ಟಿದವು? ಎಷ್ಟು ಮರಿಗಳ ನಡುವೆ ತಾಯಿಯ ಹಾಲು ಹಂಚಿಕೊಂಡು ಬೆಳೆದವು? ತಾಯಿಯಿಂದ ಎಂದು ಬೇರ್ಪಟ್ಟವು?

ಈ ಪ್ರಶ್ನೆಗಳಿಗೆ ವಿಜ್ಞಾನ ಪತ್ರಿಕೆಗಳಲ್ಲಿ ಉತ್ತರ ಸಿಗುವುದು ಅಪರೂಪ. ಶರೀರಕ್ರಿಯಾ ವಿಜ್ಞಾನದ ಅಥವಾ ಔಷಧ ವಿಜ್ಞಾನದ ಯಾವುದೇ ಸಂಶೋಧನ ಲೇಖನದ ವಿಧಾನ ವಿಭಾಗವನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಒಂದು ಸಿದ್ಧ ವಾಕ್ಯ ಎದುರಾಗುತ್ತದೆ: ಪ್ರೌಢ ಗಂಡು ವಿಸ್ಟಾರ್ ಇಲಿಗಳು, ತೂಕ ಇಷ್ಟರಿಂದ ಇಷ್ಟು ಗ್ರಾಂ, ನೀರು ಮತ್ತು ಆಹಾರ ಯಥೇಚ್ಛ, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ. ಇಲಿಯ ಜೀವನ ಚರಿತ್ರೆ ತಕ್ಕಡಿಯ ಮೇಲೆ ಆರಂಭವಾಗುತ್ತದೆ. ಅದಕ್ಕೂ ಮೊದಲು ಅದಕ್ಕೊಂದು ತಾಯಿ, ಒಂದು ಗೂಡು, ಒಡಹುಟ್ಟುಗಳು ಇದ್ದವೆಂಬ ಸುಳಿವೇ ಅಲ್ಲಿರುವುದಿಲ್ಲ. ಬಸುರಿಯ ಊಟದಿಂದ ಹಿಡಿದು ಬಾಣಂತಿಯ ಪಥ್ಯದವರೆಗೆ ಎಲ್ಲವನ್ನೂ ಮಗುವಿನ ಮುಂದಿನ ಆರೋಗ್ಯಕ್ಕೆ ಜೋಡಿಸಿ ನೋಡುವ ನಮ್ಮ ಸಮಾಜದಲ್ಲಿ ಬೆಳೆದ ವಿಜ್ಞಾನಿಗಳೇ, ಪ್ರಾಣಿಗೃಹದ ಬಾಗಿಲು ದಾಟಿದೊಡನೆ ಈ ತಿಳಿವಳಿಕೆಯನ್ನು ಹೊರಗೆ ಬಿಟ್ಟು ಹೋಗುತ್ತಾರೆ.

ಇದು ಕೇವಲ ಬರವಣಿಗೆಯ ಕೊರತೆಯಾಗಿದ್ದರೆ ಪತ್ರಿಕೆಯ ಈ ಪುಟದಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ಕಳೆದ ಆರೇಳು ದಶಕಗಳ ಸಂಶೋಧನೆ ತೋರಿಸಿಕೊಟ್ಟಿರುವಂತೆ, ಹುಟ್ಟಿದ ಮೊದಲ ಮೂರು ವಾರಗಳಲ್ಲಿ ಇಲಿಮರಿಗೆ ಆಗುವ ಅನುಭವ ಅದರ ಹೃದಯ, ಮೇದೋಜ್ಜೀರಕ ಗ್ರಂಥಿ, ಮೂತ್ರಪಿಂಡ ಹಾಗೂ ಮಿದುಳು ಬದುಕಿನುದ್ದಕ್ಕೂ ಹೇಗೆ ಕೆಲಸ ಮಾಡಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಹೀಗಿರುವಾಗ ಬಾಲ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪ್ರಯೋಗವು ಔಷಧದ ಪರಿಣಾಮವನ್ನು ಅಳೆಯುತ್ತಿದೆಯೋ, ಬಾಲ್ಯದ ಪರಿಣಾಮವನ್ನು ಅಳೆಯುತ್ತಿದೆಯೋ ಎಂದು ಹೇಳುವುದು ಕಷ್ಟ.

ಇಲಿಯ ಗರ್ಭಧಾರಣೆಯ ಅವಧಿ ಸುಮಾರು 21ರಿಂದ 22 ದಿನ. ಹುಟ್ಟುವ ಮರಿಗೆ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಮನುಷ್ಯರ ಶಿಶುವಿನಲ್ಲಿ ಗರ್ಭದ ಕೊನೆಯ ತಿಂಗಳುಗಳಲ್ಲೇ ನಡೆದುಹೋಗುವ ಬೆಳವಣಿಗೆಯ ಎಷ್ಟೋ ಭಾಗ ಇಲಿಯಲ್ಲಿ ಹುಟ್ಟಿದ ಮೇಲೆ, ಗೂಡಿನಲ್ಲಿ ನಡೆಯುತ್ತದೆ. ಕಣ್ಣು ತೆರೆಯಲು ಎರಡು ವಾರ ಬೇಕು. ಮೂರು ವಾರಕ್ಕೆ ಹಾಲು ಬಿಡಿಸುತ್ತಾರೆ. ಆರೆಂಟು ವಾರಕ್ಕೆ ಅದು 'ಪ್ರೌಢ' ಎನಿಸಿಕೊಂಡು ಪ್ರಯೋಗಕ್ಕೆ ಸಿದ್ಧವಾಗುತ್ತದೆ. ಅಂದರೆ ಪ್ರಯೋಗದ ಮೇಜಿಗೆ ಬರುವ ಇಲಿಯ ಆಯುಷ್ಯದ ಮೂರನೆಯ ಒಂದು ಭಾಗವೋ ಅರ್ಧದಷ್ಟೋ ಈ ಬಾಣಂತನದ ಅವಧಿಯಲ್ಲೇ ಕಳೆದಿರುತ್ತದೆ.

ಈ ಅವಧಿಯ ಮಹತ್ವವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಕೇಂಬ್ರಿಡ್ಜ್‌ನ ಎಲ್ಸಿ ವಿಡೋಸನ್ ಮತ್ತು ರಾಬರ್ಟ್ ಮೆಕ್ಯಾನ್ಸ್ ಪ್ರಮುಖರು. 1960ರ ಸುಮಾರಿಗೆ ಅವರು ಮಾಡಿದ ಪ್ರಯೋಗ ಎಷ್ಟು ಸರಳವೆಂದರೆ ಅದಕ್ಕೆ ಯಂತ್ರವೂ ಬೇಕಿರಲಿಲ್ಲ, ಔಷಧವೂ ಬೇಕಿರಲಿಲ್ಲ. ಹುಟ್ಟಿದ ಮರಿಗಳನ್ನು ಮರುಹಂಚಿ, ಕೆಲವು ತಾಯಂದಿರ ಬಳಿ ಮೂರೇ ಮರಿಗಳನ್ನೂ ಇನ್ನು ಕೆಲವು ತಾಯಂದಿರ ಬಳಿ ಹದಿನೈದಿಪ್ಪತ್ತು ಮರಿಗಳನ್ನೂ ಬಿಟ್ಟರು. ಮೂರು ಮರಿಗಳ ಗುಂಪು ಹೊಟ್ಟೆತುಂಬ ಹಾಲು ಕುಡಿದು ಬೇಗ ಬೆಳೆಯಿತು. ದೊಡ್ಡ ಗುಂಪು ಸೊರಗಿತು. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಮುಂದಿನ ಹಂತದಲ್ಲಿ. ಹಾಲು ಬಿಟ್ಟ ಮೇಲೆ ಎರಡೂ ಗುಂಪುಗಳಿಗೆ ಬೇಕೆನಿಸಿದಷ್ಟು ಆಹಾರವಿಟ್ಟರೂ ಸೊರಗಿದ ಮರಿಗಳು ಉಳಿದವುಗಳನ್ನು ಎಂದೂ ಸರಿಗಟ್ಟಲಿಲ್ಲ. ಅದೇ ಉಪವಾಸವನ್ನು ಕೆಲವು ವಾರ ತಡವಾಗಿ, ಬೆಳೆದ ಇಲಿಗಳಿಗೆ ಹಾಕಿದಾಗ ಅವು ಆಹಾರ ಸಿಕ್ಕಿದೊಡನೆ ಚೇತರಿಸಿಕೊಂಡವು ಎಂಬುದನ್ನು 1963ರಲ್ಲಿ ಅವರು ಪ್ರಕಟಿಸಿದರು. ಹಸಿವಿನ ಪ್ರಮಾಣದಷ್ಟೇ ಹಸಿವಿನ ಕಾಲವೂ ಮುಖ್ಯ ಎಂಬುದು ಅಲ್ಲಿ ಖಚಿತವಾಯಿತು.

ಈಗ ಯಾವುದೋ ಪ್ರಾಣಿಗೃಹವನ್ನು ಕಲ್ಪಿಸಿಕೊಳ್ಳಿ. ಒಂದು ಇಲಿ ಒಂದು ಸೂಲಿನಲ್ಲಿ ಐದು ಮರಿ ಹಾಕಿದೆ, ಪಕ್ಕದ ಪಂಜರದ್ದು ಹದಿಮೂರು. ಎರಡು ತಿಂಗಳ ನಂತರ ಸಂಶೋಧಕ ಬಂದು 'ಒಂದೇ ತೂಕದ ಇಲಿ ಬೇಕು' ಎಂದು ಕೇಳುತ್ತಾನೆ. ಐದು ಮರಿಗಳ ಸೂಲಿನಲ್ಲಿ ಹುಟ್ಟಿದ ಏಳು ವಾರದ ಇಲಿಯೂ ಹದಿಮೂರರ ಸೂಲಿನಲ್ಲಿ ಹುಟ್ಟಿದ ಎಂಟು ವಾರದ ಇಲಿಯೂ ತಕ್ಕಡಿಯಲ್ಲಿ ಸಮವಾಗಿ ತೂಗಬಹುದು. ಲೇಖನದಲ್ಲಿ ಅವು ಒಂದೇ. ದೇಹದ ಒಳಗೆ ಒಂದೇ ಅಲ್ಲ. ಈ ಕಾರಣಕ್ಕೇ ಎಚ್ಚರವಿರುವ ಪ್ರಯೋಗಶಾಲೆಗಳು ಹುಟ್ಟಿದ ಒಂದೆರಡು ದಿನಗಳಲ್ಲೇ ಪ್ರತಿ ತಾಯಿಯ ಬಳಿ ಎಂಟೋ ಹತ್ತೋ ಮರಿಗಳು ಉಳಿಯುವಂತೆ ಸರಿಹೊಂದಿಸುತ್ತವೆ. ಹಾಗೆ ಮಾಡಿದ್ದನ್ನು ಬರೆದಿಡುವವರು ಇನ್ನೂ ಕಡಿಮೆ.

ಆಹಾರದ ಮಾತು ಹೀಗಾದರೆ ಮುಟ್ಟುವ ಕೈಯ ಮಾತು ಇನ್ನಷ್ಟು ಸೂಕ್ಷ್ಮವಾದದ್ದು. ಸೆಮೂರ್ ಲೆವಿನ್ ಎಂಬ ಅಮೆರಿಕದ ಮನೋವಿಜ್ಞಾನಿ 1950ರ ದಶಕದಲ್ಲಿ ಮರಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನವೂ ಸಣ್ಣ ವಿದ್ಯುತ್ ಆಘಾತ. ಇನ್ನೊಂದನ್ನು ಗೂಡಿನಿಂದ ಕೆಲ ನಿಮಿಷ ಎತ್ತಿಟ್ಟು ಹಿಂದಿರುಗಿಸುವುದು ಮಾತ್ರ. ಮೂರನೆಯದನ್ನು ಮುಟ್ಟಲೇ ಇಲ್ಲ. ಆಘಾತ ಪಡೆದವು ಬೆಳೆದ ಮೇಲೆ ಅಂಜುಬುರುಕವಾಗುತ್ತವೆ ಎಂಬುದು ಅವರ ನಿರೀಕ್ಷೆ. ಆದದ್ದು ಬೇರೆ. ಮೊದಲ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವಿಚಿತ್ರವಾಗಿ ವರ್ತಿಸಿದ್ದು, ಒತ್ತಡಕ್ಕೆ ಅತಿಯಾಗಿ ಬೆದರಿದ್ದು, ಯಾರೂ ಮುಟ್ಟದೆ ಬಿಟ್ಟ ಮೂರನೆಯ ಗುಂಪು. ಹೋಲಿಕೆಗಾಗಿ ಇಟ್ಟುಕೊಂಡಿದ್ದ 'ಸಹಜ' ಇಲಿಯೇ ಅಸಹಜವಾಗಿತ್ತು. ನನ್ನ ದೃಷ್ಟಿಯಲ್ಲಿ ಇಪ್ಪತ್ತನೆಯ ಶತಮಾನದ ಪ್ರಾಣಿಪ್ರಯೋಗದ ಚರಿತ್ರೆಯಲ್ಲಿ ಇದರಷ್ಟು ಕಸಿವಿಸಿ ಉಂಟುಮಾಡಬೇಕಾದ ಫಲಿತಾಂಶ ಇನ್ನೊಂದಿಲ್ಲ. ಅದು ಆಗಬೇಕಾದಷ್ಟು ಕಸಿವಿಸಿಯನ್ನು ಉಂಟುಮಾಡಲೇ ಇಲ್ಲ.

ಮುಂದೆ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಅವರ ತಂಡ ಇದರ ಒಳಗುಟ್ಟನ್ನು ಬಿಡಿಸಲು ಹೊರಟಿತು. ಗೂಡಿಗೆ ಹಿಂದಿರುಗಿದ ಮರಿಯನ್ನು ತಾಯಿ ಹೆಚ್ಚು ನೆಕ್ಕುತ್ತದೆ. ಯಾರೂ ಮರಿಯನ್ನು ಮುಟ್ಟದಿದ್ದಾಗಲೂ ಕೆಲವು ತಾಯಂದಿರು ಸ್ವಭಾವತಃ ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ಬೆಳೆದ ಮೇಲೆ ಒತ್ತಡದ ಹಾರ್ಮೋನನ್ನು ಮಿತವಾಗಿ ಸ್ರವಿಸುತ್ತವೆ ಎಂದು 1997ರಲ್ಲಿ ಈ ತಂಡ ವರದಿ ಮಾಡಿತು. 2004ರಲ್ಲಿ ಇನ್ನೂ ಮುಂದೆ ಹೋಗಿ, ತಾಯಿಯ ಈ ಆರೈಕೆಯು ಮರಿಯ ಮಿದುಳಿನಲ್ಲಿ ಒಂದು ವಂಶವಾಹಿಯ ಮೇಲೆ ರಾಸಾಯನಿಕ ಗುರುತನ್ನು ಉಳಿಸುತ್ತದೆಂದೂ, ಮರಿಗಳನ್ನು ಅದಲುಬದಲು ಮಾಡಿ ಸಾಕಿದರೆ ಗುರುತು ಸಾಕುತಾಯಿಯನ್ನು ಅನುಸರಿಸುತ್ತದೆಂದೂ ತೋರಿಸಿತು. ವಂಶವಾಹಿ ಬದಲಾಗಿಲ್ಲ, ಅದನ್ನು ಓದುವ ಬಗೆ ಬದಲಾಗಿದೆ. ಒತ್ತಡದ ಹಾರ್ಮೋನು ರಕ್ತದ ಸಕ್ಕರೆ, ರಕ್ತದೊತ್ತಡ, ರೋಗನಿರೋಧಕ ಶಕ್ತಿ ಎಲ್ಲಕ್ಕೂ ಸಂಬಂಧಿಸಿದ್ದು. ಹಾಗಾಗಿ ಪಂಜರ ತೊಳೆಯುವಾತ ವಾರಕ್ಕೆ ಎಷ್ಟು ಬಾರಿ ಗೂಡು ಕದಡಿದ, ಮರಿಗಳನ್ನು ಹೇಗೆ ಎತ್ತಿದ ಎಂಬ ಕ್ಷುಲ್ಲಕವೆನಿಸುವ ಸಂಗತಿ ಮೂರು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ತಲೆಯೆತ್ತಬಹುದು.

ಇದೆಲ್ಲ ವಿದೇಶದ ಮಾತಾಯಿತು ಎನ್ನುವವರಿಗೆ ಮೈಸೂರಿನ ಕಥೆ ಹೇಳಬೇಕು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗುತ್ತಿತ್ತು. ಆ ಪುಸ್ತಕಗಳು ದಶಕಗಳ ಕಾಲ ಹಾಗೆಯೇ ಉಳಿದವು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು, ವಯಸ್ಕರ ಹೃದ್ರೋಗದ ಬೇರು ಗರ್ಭದಲ್ಲಿದೆ ಎಂಬ ವಾದವನ್ನು ಮುಂದಿಟ್ಟಾಗ, ಅದನ್ನು ಭಾರತದಲ್ಲಿ ಪರೀಕ್ಷಿಸಲು ಈ ದಾಖಲೆಗಳು ಒದಗಿದವು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ, ಮೈಸೂರಿನಲ್ಲೇ ನೆಲೆಸಿದ್ದ 517 ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದ ಕ್ಯಾರೊಲಿನ್ ಫಾಲ್, ಕುಮಾರನ್ ಮೊದಲಾದವರ ತಂಡದ ವರದಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಗಿದ್ದವರಲ್ಲಿ ಶೇ 3 ಮಾತ್ರ.

ಅಷ್ಟಕ್ಕೇ ಮುಗಿದಿದ್ದರೆ ಇಂಗ್ಲೆಂಡಿನ ಸಿದ್ಧಾಂತಕ್ಕೆ ಮೈಸೂರು ಒಂದು ಸಾಕ್ಷಿಯಾಗಿ ಉಳಿಯುತ್ತಿತ್ತು. ಆದರೆ ಮಧುಮೇಹದ ವಿಷಯಕ್ಕೆ ಬಂದಾಗ ಮೈಸೂರು ಹೂಂಗುಟ್ಟಲಿಲ್ಲ. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಶಿಶುಗಳೇ ಮುಂದೆ ಹೆಚ್ಚಾಗಿ ಮಧುಮೇಹಿಗಳಾದರೆ, 1998ರಲ್ಲಿ ಪ್ರಕಟವಾದ ಮೈಸೂರಿನ ಅಧ್ಯಯನದಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಅವರು 2003ರಲ್ಲಿ ತೋರಿಸಿದ್ದೂ ಇದಕ್ಕೆ ಸಮೀಪದ ಸಂಗತಿ. ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ, ಸೌತಾಂಪ್ಟನ್‌ನ ಶಿಶುಗಳು 3.5 ಕಿಲೋ. ಇಷ್ಟು ಸಣ್ಣಗಿದ್ದರೂ ನಮ್ಮ ಶಿಶುಗಳ ಮೈಯಲ್ಲಿ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ, ಕೊರತೆಯಿದ್ದದ್ದು ಸ್ನಾಯುವಿನಲ್ಲಿ.

ಅಂದರೆ, ಅಲ್ಲಿಯ ಬಾಲ್ಯ ಬೇರೆ, ಇಲ್ಲಿಯ ಬಾಲ್ಯ ಬೇರೆ. ಎರಡೂ ಒಂದೇ ಹೆಸರಿನ ಕಾಯಿಲೆಗೆ ಕರೆದೊಯ್ದರೂ ದಾರಿ ಒಂದೇ ಅಲ್ಲ. ಕತ್ರಿಗುಪ್ಪೆ, ಬನಶಂಕರಿ, ಜಯನಗರಗಳಲ್ಲಿ ಇಂದು ಬೆಳಗಿನ ನಡಿಗೆಗೆ ಹೊರಡುವ ಹಿರಿಯರಲ್ಲಿ ಹಳೇ ಮೈಸೂರು ಸೀಮೆಯ ಹಳ್ಳಿ, ಪಟ್ಟಣಗಳಲ್ಲಿ ಹುಟ್ಟಿದವರು ಬಹಳ ಮಂದಿ. ಅವರ ತಾಯಂದಿರು ಬಸುರಿಯಾಗಿದ್ದಾಗ ಏನು ಉಂಡರು, ಅವರು ಹುಟ್ಟಿದಾಗ ಎಷ್ಟು ತೂಗಿದರು ಎಂಬುದಕ್ಕೆ ಬಹುಪಾಲು ಮನೆಗಳಲ್ಲಿ ದಾಖಲೆಯಿಲ್ಲ. ಅವರಿಗೆ ಕೊಡುವ ಔಷಧವನ್ನು ಪರೀಕ್ಷಿಸಿದ ಇಲಿಯ ಬಾಲ್ಯಕ್ಕೂ ದಾಖಲೆಯಿಲ್ಲ. ಮೊದಲನೆಯದನ್ನು ಈಗ ಸರಿಪಡಿಸಲಾಗದು. ಎರಡನೆಯದು ಹಾಗಲ್ಲ.

ಭಾರತೀಯರ ಬಾಲ್ಯವನ್ನು ಇಲಿಯಲ್ಲಿ ರೂಪಿಸಿ ನೋಡಿದ ಒಂದು ಪ್ರಯತ್ನವೂ ಇದೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಹಾಗೂ ಅಲ್ಲಿನ ಡಿ. ವೈ. ಪಾಟೀಲ್ ವೈದ್ಯಕೀಯ ಕಾಲೇಜಿನೊಂದಿಗೆ ಸಿಡ್ನಿ ವಿಶ್ವವಿದ್ಯಾಲಯದ ಆನಂದವರ್ಧನ್ ಹರ್ಡೀಕರ್ ಅವರು ನಡೆಸಿದ ಅಧ್ಯಯನದಲ್ಲಿ ವಿಸ್ಟಾರ್ ಇಲಿಗಳನ್ನು ಐವತ್ತು ತಲೆಮಾರು ಅರೆಹೊಟ್ಟೆಯಲ್ಲಿ ಬೆಳೆಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಈ ಇಲಿಗಳಲ್ಲಿ ಇನ್ಸುಲಿನ್ ಮಟ್ಟ ಹೆಚ್ಚಿತ್ತು, ಬಿ12 ಮತ್ತು ಫೋಲೇಟ್ ಕಡಿಮೆಯಿತ್ತು. ಮಧುಮೇಹಕ್ಕೆ ಅವು ಬಹಳ ಸುಲಭವಾಗಿ ತುತ್ತಾಗುತ್ತಿದ್ದವು. ನಂತರದ ಎರಡು ತಲೆಮಾರಿಗೆ ಯಥೇಚ್ಛ ಆಹಾರ ಕೊಟ್ಟರೂ ದೋಷ ಸರಿಹೋಗಲಿಲ್ಲ. ಐವತ್ತು ತಲೆಮಾರಿನ ಬರಗಾಲದ ನಂತರ ಎರಡು ತಲೆಮಾರಿನ ಸಮೃದ್ಧಿ ಎಂದರೆ ಯಾವ ದೇಶದ, ಯಾವ ವರ್ಗದ ಕಥೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂತಹ ಇಲಿಯ ಮೇಲೆ ಪರೀಕ್ಷಿಸಿದ ಮಾತ್ರೆ ಹೇಗೆ ವರ್ತಿಸುತ್ತದೆ, ಹೊಟ್ಟೆ ತುಂಬಿದ ತಾಯಿಯ ಮರಿಯ ಮೇಲೆ ಹೇಗೆ ವರ್ತಿಸುತ್ತದೆ ಎಂಬುದು ಮುಂದೆ ಕೇಳಬೇಕಾದ ಪ್ರಶ್ನೆ.

ಬೆಂಗಳೂರಿನಲ್ಲಿ ಈ ವಿಷಯದ ಅರಿವೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಕತ್ರಿಗುಪ್ಪೆಯಿಂದ ಏಳೆಂಟು ಕಿಲೋಮೀಟರ್ ದೂರದ ನಿಮ್ಹಾನ್ಸ್‌ನಲ್ಲಿ, ಎಳೆಯ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿದರೆ ಬೆಳೆದ ಮೇಲೆ ಅವುಗಳ ಭಯದ ನೆನಪು ಮತ್ತು ನಿದ್ರೆಯ ಮೇಲೆ ಏನಾಗುತ್ತದೆ ಎಂಬ ಬಗ್ಗೆ ವರ್ಷಗಳಿಂದ ಕೆಲಸ ನಡೆದಿದೆ. 2014ರಲ್ಲಿ ಪ್ರಕಟವಾದ ಅಂತಹ ಒಂದು ಅಧ್ಯಯನದಲ್ಲಿ ನಿಮ್ಹಾನ್ಸ್‌ನ ವಿಜ್ಞಾನಿಗಳ ಜೊತೆಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತಜ್ಞ ಗೋವಿಂದನ್ ರಂಗರಾಜನ್ ಕೂಡ ಇದ್ದರು. ಒಂದೇ ನಗರದ ಮೂರು ಸಂಸ್ಥೆಗಳು ಒಂದು ಇಲಿಮರಿಯ ಬಾಲ್ಯದ ಸುತ್ತ ಕಲೆತದ್ದು ಸಣ್ಣ ಸಂಗತಿಯಲ್ಲ. ಮುಂಬೈನ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ವಿದಿತಾ ವೈದ್ಯ ಅವರ ತಂಡ 2013ರಲ್ಲಿ ಇನ್ನೊಂದು ತೊಡಕನ್ನು ಬಯಲಿಗೆ ತಂದಿತು. ಎಳವೆಯಲ್ಲಿ ತಾಯಿಯಿಂದ ಬೇರ್ಪಟ್ಟ ಇಲಿಗಳು ಎರಡು ತಿಂಗಳ ಹರೆಯದಲ್ಲಿ ಕೆಲವು ಕಠಿಣ ಪರೀಕ್ಷೆಗಳಲ್ಲಿ ಉಳಿದವುಗಳಿಗಿಂತ ಚುರುಕಾಗಿದ್ದವು. ಹದಿನೈದು ತಿಂಗಳ ನಡುವಯಸ್ಸಿಗೆ ಬರುವಷ್ಟರಲ್ಲಿ ಹಿಂದೆ ಬಿದ್ದಿದ್ದವು. ಎರಡು ತಿಂಗಳಿಗೇ ಪ್ರಯೋಗ ಮುಗಿಸುವವನು ಒಂದು ಸತ್ಯವನ್ನು ಬರೆಯುತ್ತಾನೆ, ಹದಿನೈದು ತಿಂಗಳು ಕಾಯುವವನು ಅದಕ್ಕೆ ವಿರುದ್ಧವಾದ ಸತ್ಯವನ್ನು ಬರೆಯುತ್ತಾನೆ.

ದುರದೃಷ್ಟದ ಸಂಗತಿಯೆಂದರೆ, ಈ ಜ್ಞಾನವು 'ಎಳವೆಯ ಒತ್ತಡ' ಎಂಬ ವಿಶೇಷ ವಿಷಯದ ಗೋಡೆಯೊಳಗೇ ಉಳಿದುಬಿಟ್ಟಿದೆ. ಬಾಲ್ಯದ ಬಗ್ಗೆ ಅಧ್ಯಯನ ಮಾಡುವವರು ಮಾತ್ರ ಬಾಲ್ಯವನ್ನು ಗಮನಿಸುತ್ತಾರೆ. ಉಳಿದವರಿಗೆ ಇಲಿ ಎಂದರೆ ಅಂಗಡಿಯಿಂದ ತರುವ ರಾಸಾಯನಿಕದ ಸೀಸೆಯಂತೆ. ನಮ್ಮ ನಾಡಿನ ಔಷಧ ವಿಜ್ಞಾನ ಕಾಲೇಜುಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಬಗೆಯ ಪ್ರಯೋಗವನ್ನು ನೋಡಿ. ಇಲಿಗೆ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚಿ ಮೇದೋಜ್ಜೀರಕ ಗ್ರಂಥಿಯನ್ನು ಹಾಳುಮಾಡಿ ಸಕ್ಕರೆ ಏರಿಸುವುದು. ಬಳಿಕ ಯಾವುದೋ ಎಲೆಯ, ಬೇರಿನ ಸಾರ ಕುಡಿಸಿ ಸಕ್ಕರೆ ಇಳಿಯಿತೆಂದು ಬರೆಯುವುದು. ಆ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಮೊದಲಿಗೆ ಎಷ್ಟಿದ್ದವು ಎಂಬುದು ಬಹುಮಟ್ಟಿಗೆ ತಾಯಿಯ ಆಹಾರ ಮತ್ತು ಹಾಲೂಡುವ ಕಾಲದ ಮೇಲೆ ನಿಂತಿದೆ ಎಂಬುದು ಮೂರು ದಶಕಗಳಿಂದ ತಿಳಿದ ವಿಷಯ. ಆರಾರು ಇಲಿಗಳ ಗುಂಪಿನಲ್ಲಿ ಒಂದು ಗುಂಪಿನ ನಾಲ್ಕು ಇಲಿ ಒಂದೇ ಸೂಲಿನವಾಗಿದ್ದರೆ ಗುಣ ಮಾಡಿದ್ದು ಎಲೆಯೋ, ತಾಯಿಯೋ? ಹೀಗೆ ಬರೆದ ಲೇಖನಗಳ ರಾಶಿಯಿಂದ ಅಂಗಡಿಗೆ ಬಂದ ಔಷಧ ಯಾವುದೆಂದು ಕೇಳಿದರೆ ಮೌನವೇ ಉತ್ತರ.

ಒಂದೇ ಸೂಲಿನ ಮರಿಗಳನ್ನು ಬೇರೆ ಬೇರೆ ವ್ಯಕ್ತಿಗಳೆಂದು ಎಣಿಸುವ ಈ ಅಭ್ಯಾಸ ಒಂದು ದೊಡ್ಡ ದೋಷ. ಒಂದೇ ಮನೆಯ ಎಂಟು ಮಕ್ಕಳನ್ನು ಕೇಳಿಕೊಂಡು ಬಂದು ಊರಿನ ಎಂಟು ಮನೆಯವರ ಅಭಿಪ್ರಾಯ ಸಂಗ್ರಹಿಸಿದೆವೆಂದು ಹೇಳಿದಂತೆ ಇದು. ಸಂಖ್ಯಾಶಾಸ್ತ್ರಜ್ಞರು ದಶಕಗಳಿಂದ ಎಚ್ಚರಿಸುತ್ತಲೇ ಇದ್ದಾರೆ. ಹೆಚ್ಚು ತಾಯಂದಿರು ಬೇಕಾಗುತ್ತವೆ, ಖರ್ಚು ಏರುತ್ತದೆ ಎಂಬ ಕಾರಣಕ್ಕೆ ಎಚ್ಚರಿಕೆ ಪಕ್ಕಕ್ಕೆ ಸರಿಯುತ್ತದೆ.

ಇದಕ್ಕೆ ಬರುವ ಒಂದು ಉತ್ತರ ಗಂಭೀರವಾದದ್ದೇ. ಎಲ್ಲ ಪ್ರಾಣಿಗೃಹಗಳನ್ನೂ ಒಂದೇ ಮಾದರಿಗೆ ತಂದುಬಿಟ್ಟರೆ, ಒಂದೇ ತಳಿ, ಒಂದೇ ಆಹಾರ, ಒಂದೇ ಪಂಜರ ಬಳಸಿದರೆ, ಬಾಲ್ಯದ ವ್ಯತ್ಯಾಸ ತಾನೇ ಅಳಿಸಿಹೋಗುವುದಿಲ್ಲವೇ? 1999ರಲ್ಲಿ ಜಾನ್ ಕ್ರ್ಯಾಬ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಅಮೆರಿಕದ ಆಲ್ಬನಿ ಮತ್ತು ಪೋರ್ಟ್‌ಲ್ಯಾಂಡ್, ಕೆನಡಾದ ಎಡ್ಮಂಟನ್, ಈ ಮೂರು ಕಡೆ ಅದೇ ತಳಿಯ ಚಿಕ್ಕ ಇಲಿಗಳು, ಅದೇ ಉಪಕರಣ, ಅದೇ ದಿನ, ಅದೇ ಗಳಿಗೆ. ಇಷ್ಟಾದರೂ ಕೆಲವು ಪರೀಕ್ಷೆಗಳಲ್ಲಿ ಮೂರು ಊರಿನ ಫಲಿತಾಂಶ ಮೂರು ಬಗೆಯಾಯಿತು. ಒಂದು ಮಾತನ್ನು ಇಲ್ಲಿ ಮರೆಮಾಚಬಾರದು. ದೂರದಿಂದ ಸಾಗಿಸಿ ತಂದ ಇಲಿಗೂ ಅಲ್ಲಿಯೇ ಹುಟ್ಟಿದ ಇಲಿಗೂ ಆ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಾಲ್ಯದ ಪ್ರತಿಯೊಂದು ಘಟನೆಯೂ ಗುರುತು ಉಳಿಸುತ್ತದೆ ಎಂದು ಹಟ ಹಿಡಿಯುವುದು ಸಲ್ಲದು. ಯಾವುದು ಉಳಿಸುತ್ತದೆ, ಯಾವುದು ಉಳಿಸುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ಬರೆದಿಡಬೇಕು. ನನ್ನ ವಾದ ಅಷ್ಟೇ. ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಸಿಗುವುದು ಆ ಅಚ್ಚಿಗೆ ಮಾತ್ರ ಹೊಂದುವ ಸತ್ಯ ಎಂದು ಹಾನೋ ವ್ಯೂರ್ಬೆಲ್ 2000ದಲ್ಲೇ ಎಚ್ಚರಿಸಿದ್ದರು.

ಇನ್ನು ಆ ಅಚ್ಚಾದರೂ ಎಂಥದ್ದು? ಚಿಕ್ಕ ಇಲಿಗೆ ಹಿತವೆನಿಸುವ ಉಷ್ಣತೆ ಸುಮಾರು 30 ಡಿಗ್ರಿ. ಪ್ರಾಣಿಗೃಹಗಳಲ್ಲಿ ಸಾಮಾನ್ಯವಾಗಿ ಇಡುವುದು 20ರಿಂದ 24 ಡಿಗ್ರಿ. ಅದು ನಿಲುವಂಗಿ ತೊಟ್ಟ ಮನುಷ್ಯನಿಗೆ ಹಿತವಾದ ಉಷ್ಣತೆ. ಇಲಿ ಹಗಲಿರುಳು ಚಳಿಯಲ್ಲಿ ನಡುಗುತ್ತ, ಮೈ ಬಿಸಿಯಾಗಿಟ್ಟುಕೊಳ್ಳಲು ಹೆಚ್ಚು ತಿನ್ನುತ್ತ, ಹೃದಯವನ್ನು ವೇಗವಾಗಿ ಓಡಿಸುತ್ತ ಬೆಳೆಯುತ್ತದೆ. ಗೂಡು ಕಟ್ಟಲು ಕಾಗದದ ಚೂರು, ಹತ್ತಿ ಕೊಟ್ಟರೆ ತಾಯಿ ಮರಿಗಳನ್ನು ಬೆಚ್ಚಗಿಟ್ಟುಕೊಳ್ಳಬಲ್ಲದು. ಕೊಡದಿದ್ದರೆ ನೆಲ್ಲುಹೊಟ್ಟಿನ ತೆಳು ಹಾಸಿನ ಮೇಲೆಯೇ ಬಾಣಂತನ. ಓಡಾಡಲು ಜಾಗವಿಲ್ಲದ ಪಂಜರದಲ್ಲಿ ಸದಾ ಆಹಾರ ಮುಂದಿಟ್ಟುಕೊಂಡು ಬೆಳೆದ 'ಸಹಜ' ಇಲಿಗಳು ವಾಸ್ತವದಲ್ಲಿ ಬೊಜ್ಜು ಬೆಳೆದ, ರೋಗಕ್ಕೆ ಹತ್ತಿರವಾದ ಪ್ರಾಣಿಗಳು ಎಂದು 2010ರಲ್ಲಿ ಮಾರ್ಕ್ ಮ್ಯಾಟ್ಸನ್ ಮತ್ತಿತರರು ಬರೆದರು. 2022ರಲ್ಲಿ ಕೆನಡಾದ ಜೆಸ್ಸಿಕಾ ಕೇಟ್, ಜಾರ್ಜಿಯಾ ಮೇಸನ್ ಮುಂತಾದವರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಮಾನ್ಯ ಪಂಜರದ ಇಲಿಗಳು ವಿಶಾಲವಾದ, ಆಟಕ್ಕೆ ಅವಕಾಶವಿರುವ ಪಂಜರದ ಇಲಿಗಳಿಗಿಂತ ಬೇಗ ಕಾಯಿಲೆ ಬೀಳುತ್ತವೆ, ಬೇಗ ಸಾಯುತ್ತವೆ ಎಂಬುದು ಸ್ಪಷ್ಟವಾಯಿತು. ವಾಸದ ಬದಲಾವಣೆಯಿಂದ ಸುಧಾರಣೆ ಸಾಧ್ಯ ಎಂಬುದಕ್ಕೂ ನಮ್ಮ ನಿಮ್ಹಾನ್ಸ್‌ನಲ್ಲೇ ಆಧಾರವಿದೆ. ದೀರ್ಘ ಒತ್ತಡಕ್ಕೆ ಒಳಗಾದ ಇಲಿಗಳನ್ನು ಅಂತಹ ಸಮೃದ್ಧ ಪರಿಸರದಲ್ಲಿ ಬಿಟ್ಟಾಗ ಮಿದುಳಿನಲ್ಲಿ ಹೊಸ ಜೀವಕೋಶಗಳ ಹುಟ್ಟು ಚೇತರಿಸಿಕೊಂಡಿತೆಂದು ಬಿ. ಎಸ್. ಶಂಕರನಾರಾಯಣ ರಾವ್ ಅವರ ತಂಡ 2009ರಲ್ಲಿ ವರದಿ ಮಾಡಿತ್ತು.

ಪ್ರಾಣಿಗಳ ಮೇಲಿನ ಪ್ರಯೋಗವೇ ನಿಲ್ಲುತ್ತಿರುವಾಗ ಈ ಚರ್ಚೆ ಏಕೆ ಎಂದು ಕೆಲವರು ಕೇಳಬಹುದು. 2023ರಲ್ಲಿ ನಮ್ಮ ಸರ್ಕಾರ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಮಾನ್ಯತೆ ಕೊಟ್ಟದ್ದು ಸ್ವಾಗತಾರ್ಹ. ಆದರೆ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ತಾಯಿಯ ಹಾಲಿಲ್ಲ, ಒಡಹುಟ್ಟಿಲ್ಲ, ಮುಪ್ಪಿಲ್ಲ. ಇಡೀ ಬದುಕಿನ ಉದ್ದಕ್ಕೆ ಹರಡಿದ ಕಾಯಿಲೆಗಳ ಅಧ್ಯಯನಕ್ಕೆ ಇನ್ನೂ ಕೆಲವು ಕಾಲ ಇಲಿ ಬೇಕಾಗುತ್ತದೆ. ಬೇಕಾಗುವಷ್ಟು ದಿನ, ಅದರ ಜೀವಕ್ಕೆ ಬೆಲೆ ಕೊಡುವ ಒಂದು ಬಗೆಯೆಂದರೆ ಅದರಿಂದ ತಪ್ಪು ಉತ್ತರ ಪಡೆಯದಿರುವುದು. ಕಲಬೆರಕೆ ಫಲಿತಾಂಶಕ್ಕಾಗಿ ಕೊಂದ ಪ್ರಾಣಿ, ಪ್ರಯೋಗವೇ ಇಲ್ಲದೆ ಕೊಂದ ಪ್ರಾಣಿಗಿಂತ ಹೇಗೆ ಭಿನ್ನ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳ ಪ್ರಕಾರ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ನೈತಿಕ ಸಮಿತಿ ಇರಬೇಕು. ಎಷ್ಟು ಪ್ರಾಣಿ, ಯಾವ ಜಾತಿ, ಎಲ್ಲಿಂದ ಬಂತು ಎಂಬುದು ದಾಖಲಾಗಬೇಕು. ಈ ವ್ಯವಸ್ಥೆ ಕ್ರೌರ್ಯವನ್ನು ತಡೆಯುವ ದೃಷ್ಟಿಯಿಂದ ರೂಪುಗೊಂಡದ್ದು, ಆ ಮಟ್ಟಿಗೆ ಉಪಯುಕ್ತವೂ ಹೌದು. ಬಾಲ್ಯದ ಪ್ರಶ್ನೆ ಅದರ ಕಣ್ಣಿಗೆ ಬಿದ್ದಿಲ್ಲ. ವಿದೇಶದಲ್ಲೂ ಪರಿಸ್ಥಿತಿ ಪರಿಪೂರ್ಣವಲ್ಲ. ಬ್ರಿಟನ್ನಿನಲ್ಲಿ 2010ರಲ್ಲಿ ರೂಪುಗೊಂಡು ಇಂದು ಜಗತ್ತಿನ ಅನೇಕ ಪತ್ರಿಕೆಗಳು ಅನುಸರಿಸುವ ಅರೈವ್ ಮಾರ್ಗಸೂಚಿ, ಪ್ರಾಣಿಪ್ರಯೋಗದ ಲೇಖನದಲ್ಲಿ ಏನೇನು ಇರಬೇಕೆಂದು ಪಟ್ಟಿ ಮಾಡುತ್ತದೆ. 2020ರ ಪರಿಷ್ಕರಣೆಯಲ್ಲಿ ಅದನ್ನು ಎರಡಾಗಿ ಸೀಳಿದರು: ಹತ್ತು ಅತ್ಯವಶ್ಯ ಅಂಶಗಳು, ಉಳಿದವು ಶಿಫಾರಸು ಮಾತ್ರ. ಪ್ರಾಣಿಯ ವಾಸ ಮತ್ತು ಪಾಲನೆ ಬಿದ್ದದ್ದು ಎರಡನೆಯ ಪಟ್ಟಿಯಲ್ಲಿ. ಇದು ಸರಿಯಾದ ನಿರ್ಧಾರವಲ್ಲವೆಂದು ನನ್ನ ಅಭಿಪ್ರಾಯ. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆಯೂ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯೂ ಅದನ್ನು ಹಾಗೆಯೇ ನಕಲು ಮಾಡಬೇಕಾಗಿಲ್ಲ. ಸಾರ್ವಜನಿಕ ಹಣ ಪಡೆಯುವ ಪ್ರತಿ ಯೋಜನೆಯೂ ಇಲಿಯ ಬಾಲ್ಯದ ವಿವರ ಕೊಡತಕ್ಕದ್ದು ಎಂಬ ಒಂದು ಷರತ್ತನ್ನು ಅರ್ಜಿಯ ನಮೂನೆಗೆ ಸೇರಿಸಲು ಹೊಸ ಕಾನೂನು ಬೇಡ.

ಬೇಕಾದ ವಿವರವೂ ಹೆಚ್ಚೇನಿಲ್ಲ. ತಾಯಿಗೆ ಎಷ್ಟನೆಯ ಸೂಲು, ಹುಟ್ಟಿದ ಮರಿಗಳೆಷ್ಟು, ತಾಯಿಯ ಬಳಿ ಉಳಿಸಿದ್ದೆಷ್ಟು, ಬಸುರಿನಲ್ಲಿ ಮತ್ತು ಹಾಲೂಡುವಾಗ ಕೊಟ್ಟ ಆಹಾರ, ಗೂಡಿನ ಸಾಮಗ್ರಿ, ಪಂಜರ ಬದಲಿಸಿದ ದಿನಗಳು, ಹಾಲು ಬಿಡಿಸಿದ ದಿನ, ಬೇರೆ ಊರಿನಿಂದ ತಂದಿದ್ದರೆ ಆಗ ಎಷ್ಟು ವಯಸ್ಸು. ಪಂಜರಕ್ಕೆ ನೇತುಹಾಕಿದ ಚೀಟಿಯ ಹಿಂಬದಿಯಲ್ಲಿ ಹಿಡಿಸುವಷ್ಟು ಬರಹ. ಇದನ್ನು ಬರೆಯಬೇಕಾದವರು ಬಹುಮಟ್ಟಿಗೆ ವಿಜ್ಞಾನಿಗಳಲ್ಲ, ಪ್ರಾಣಿಗೃಹದ ಸಿಬ್ಬಂದಿ. ಲೇಖನದ ಕೊನೆಯಲ್ಲಿ ಅವರಿಗೊಂದು ಕೃತಜ್ಞತೆಯ ಸಾಲೂ ಹೆಚ್ಚಾಗಿ ಸಿಗುವುದಿಲ್ಲ. ತಾವು ಬರೆಯುವುದು ಏಕೆ ಮುಖ್ಯವೆಂದು ಅವರಿಗೆ ಕನ್ನಡದಲ್ಲಿ ವಿವರಿಸಿ ತರಬೇತಿ ಕೊಡುವ ಕೆಲಸವನ್ನು ಬೆಂಗಳೂರಿನ ದೊಡ್ಡ ಸಂಸ್ಥೆಗಳು ಒಟ್ಟಾಗಿ ಕೈಗೆತ್ತಿಕೊಳ್ಳಬಹುದು. ಸಣ್ಣ ಕಾಲೇಜುಗಳ ಸಿಬ್ಬಂದಿಯನ್ನೂ ಅದಕ್ಕೆ ಕರೆಯಬಹುದು. 1934ರಲ್ಲಿ ಮೈಸೂರಿನ ಮಿಷನ್ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಶಿಶುವನ್ನು ತೂಗಿ, ಅಳೆದು, ಪುಸ್ತಕದಲ್ಲಿ ಅಂಕಿ ಬರೆದವರಿಗೆ ಅರುವತ್ತು ವರ್ಷಗಳ ನಂತರ ಅದು ಲ್ಯಾನ್ಸೆಟ್ ಪತ್ರಿಕೆಯ ಆಧಾರವಾದೀತೆಂಬ ಕಲ್ಪನೆ ಇದ್ದಿರಲಾರದು. ಅವರ ಹೆಸರುಗಳು ಆ ವರದಿಯಲ್ಲಿಲ್ಲ. ಅಂಕಿಗಳು ಇವೆ.